ಸಿನಿಮಾದಲ್ಲಿ ಕಾಣದ ಬಿಲಿ

ನಮ್ಮ ಸೋದರತ್ತೆ ತೀರಿಕೊಂಡ ಹದಿಮೂರನೆಯ ದಿನ. ಊಟ ಮುಗಿಸಿ ನಡುಮನೆಯಲ್ಲಿ ಕುಳಿತ ಹೆಂಗಸರೆಲ್ಲ ಅತ್ತೆಯ ಕಷ್ಟಗಳನ್ನೇ ಎತ್ತಿ ಎತ್ತಿ ಆಡಿದರು. ಕುಡುಕ ಗಂಡ, ಕೈತಪ್ಪಿ ಹೋದ ಮಗು, ಅಡವಿಟ್ಟು ಬಿಡಿಸಿಕೊಳ್ಳಲಾಗದ ಬಳೆ. "ಪಾಪ, ಏನು ಸುಖ ಕಂಡಳು!" ಎಂದು ಒಬ್ಬರಾದ ಮೇಲೆ ಒಬ್ಬರು ನಿಟ್ಟುಸಿರಿಟ್ಟರು. ಅತ್ತೆಗೆ ನೂರಾರು ಹಾಡು ಬರುತ್ತಿತ್ತು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಆಡಿಕೊಳ್ಳುವ ಹಾಡು. ಆ ಮಾತನ್ನು ಅಂದು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅದಾದ ಕೆಲವು ತಿಂಗಳಿಗೆ ಮಗಳು ಒಂದು ಹಳೆಯ ಇಂಗ್ಲಿಷ್ ಸಿನಿಮಾ ಹಾಕಿಕೊಟ್ಟಳು. 1972ರಲ್ಲಿ ಬಂದ 'ಲೇಡಿ ಸಿಂಗ್ಸ್ ದ ಬ್ಲೂಸ್'. ಅಮೆರಿಕದ ಜಾಝ್ ಗಾಯಕಿ ಬಿಲಿ ಹಾಲಿಡೇಯ ಬದುಕಿನ ಕಥೆ. ಚಿತ್ರ ಶುರುವಾಗುವುದೇ ಪೊಲೀಸರ ಕೈಯಲ್ಲಿ. ಅವಳ ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಫೋಟೋ ಹಿಡಿಯುತ್ತಾರೆ, ಕೈ ಅಲ್ಲಾಡದಂತೆ ಬಿಗಿಯುವ ಅಂಗಿ ತೊಡಿಸಿ ಕೋಣೆಯೊಳಕ್ಕೆ ತಳ್ಳುತ್ತಾರೆ. ಹಾಡು ಬರುವುದು ಆಮೇಲೆ. ಬಿಲಿಯ ಪಾತ್ರ ಮಾಡಿದ ಡಯಾನಾ ರಾಸ್ ತಾನೇ ದೊಡ್ಡ ಗಾಯಕಿ. ಚಿತ್ರ ಐದು ಆಸ್ಕರ್‌ಗಳಿಗೆ ನಾಮಕರಣಗೊಂಡಿತ್ತು, ಅದರಲ್ಲಿ ಒಂದು ಅವಳ ನಟನೆಗೆ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ನೋಡಿದೆ. ಮುಗಿದಾಗ ನನ್ನ ಬಾಯಿಂದ ಬಂದ ಮಾತೂ ಅದೇ: "ಪಾಪ, ಏನು ಸುಖ ಕಂಡಳು!"

ಆ ಮಾತು ನನ್ನನ್ನೇ ಚುಚ್ಚಿತು. ಅವಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕುಳಿತೆ.

ಅವಳು ಹುಟ್ಟಿದ್ದು 1915ರ ಏಪ್ರಿಲ್ 7ರಂದು, ಫಿಲಡೆಲ್ಫಿಯಾದಲ್ಲಿ. ಬೆಳೆದದ್ದು ಬಾಲ್ಟಿಮೋರ್‌ನಲ್ಲಿ. ಮನೆಯ ಹೆಸರು ಎಲಿನೋರಾ. ತಾಯಿ ಸೇಡಿ ಮನೆಗೆಲಸದಾಕೆ. ಗಿಟಾರ್ ನುಡಿಸುತ್ತಿದ್ದ ತಂದೆ ಕ್ಲಾರೆನ್ಸ್ ಹಾಲಿಡೇ ಅವಳ ಕೈಹಿಡಿದವನಲ್ಲ. ಶಾಲೆ ತಪ್ಪಿಸಿದಳೆಂದು ಒಂಬತ್ತರ ಹುಡುಗಿಯನ್ನು ಕ್ರೈಸ್ತ ಸನ್ಯಾಸಿನಿಯರ ಸುಧಾರಣಾ ಶಾಲೆಗೆ ಹಾಕಿದರು. ಹನ್ನೊಂದರಲ್ಲಿ ನೆರೆಯವನೊಬ್ಬ ಅತ್ಯಾಚಾರ ಮಾಡಿದ. ಆಗಲೂ ಮಗುವನ್ನೇ ಮತ್ತೆ ಆ ಶಾಲೆಗೆ ಕಳಿಸಿದರು! ಹದಿನಾಲ್ಕಕ್ಕೆ ನ್ಯೂಯಾರ್ಕಿನ ಹಾರ್ಲೆಮ್. ಅಲ್ಲಿ ವೇಶ್ಯಾವಾಟಿಕೆಯ ಮೇಲಿನ ದಾಳಿಯಲ್ಲಿ ತಾಯಿ ಮಗಳಿಬ್ಬರೂ ಸಿಕ್ಕಿಬಿದ್ದರು.

ಕಷ್ಟದ ಪಟ್ಟಿ ಬೇಕೆಂದರೆ ಇಷ್ಟೇ ಸಾಕು. ಆದರೆ ಅದೇ ಬಾಲ್ಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಬಾಲ್ಟಿಮೋರ್‌ನ ಅಂಥದೊಂದು ಮನೆಯ ಹೆಂಗಸರಿಗೆ ಚಿಲ್ಲರೆ ಕೆಲಸ ಮಾಡಿಕೊಡುತ್ತಿದ್ದ ಈ ಹುಡುಗಿ, ಕೂಲಿಗೆ ಬದಲಾಗಿ ಅವರ ಗ್ರಾಮೊಫೋನ್ ಕೇಳಲು ಬಿಡಿ ಎನ್ನುತ್ತಿದ್ದಳಂತೆ. ಬೆಸ್ಸಿ ಸ್ಮಿತ್, ಲೂಯಿ ಆರ್ಮ್‌ಸ್ಟ್ರಾಂಗ್ ಅವಳಿಗೆ ದಕ್ಕಿದ್ದು ಹಾಗೆ. ಗುರುವಿಲ್ಲ, ಪಾಠವಿಲ್ಲ. ಕಿವಿಯೇ ಗುರು.

ದೊಡ್ಡ ಕಂಠವೂ ಅವಳದಲ್ಲ. ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ತಾಳದ ಜೊತೆ ಅವಳು ಆಡುವ ಆಟವಿದೆಯಲ್ಲ! ವಾದ್ಯದವರು ಮುಂದೆ ಸಾಗುತ್ತಿದ್ದರೆ ಇವಳು ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಾಳೆ. ತಪ್ಪಿಹೋಯಿತೇನೋ ಎಂದು ನಾವು ಉಸಿರು ಬಿಗಿಹಿಡಿಯುವಷ್ಟರಲ್ಲಿ, ಸಲೀಸಾಗಿ ಬಂದು ಕೂಡಿಕೊಳ್ಳುತ್ತಾಳೆ. 1933ರಲ್ಲಿ ಬೆನ್ನಿ ಗುಡ್‌ಮನ್‌ನ ತಂಡದೊಂದಿಗೆ ಮೊದಲ ರೆಕಾರ್ಡು, 1935ರಿಂದ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಜೊತೆ ಸಾಲು ಸಾಲು ರೆಕಾರ್ಡುಗಳು. ಯಾರೂ ಲೆಕ್ಕಕ್ಕಿಡದ ಸಾಧಾರಣ ಹಾಡುಗಳೂ ಅವಳ ಬಾಯಲ್ಲಿ ಹೊಸದಾಗುತ್ತಿದ್ದವು.

ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಲೆಸ್ಟರ್ ಯಂಗ್ ಅವಳ ಜೀವದ ಗೆಳೆಯ. ಕೆಲಕಾಲ ಈ ತಾಯಿ ಮಗಳ ಮನೆಯಲ್ಲೇ ಬಾಡಿಗೆಗಿದ್ದ. ಅವಳನ್ನು 'ಲೇಡಿ ಡೇ' ಎಂದು ಕರೆದವನು ಅವನು. ಅವನಿಗೆ 'ಪ್ರೆಜ್', ಅಂದರೆ ಅಧ್ಯಕ್ಷ, ಎಂದು ಹೆಸರಿಟ್ಟವಳು ಇವಳು. ಇಬ್ಬರ ರೆಕಾರ್ಡು ಕೇಳಿದರೆ ಒಂದೇ ಮಾತನ್ನು ಇಬ್ಬರು ಹಂಚಿಕೊಂಡು ಆಡಿದಂತಿರುತ್ತದೆ.

ಸಿನಿಮಾದಲ್ಲಿ ಲೆಸ್ಟರ್ ಇಲ್ಲ. ಅವಳು ಹಾಡಿದ ಕೌಂಟ್ ಬೇಸಿಯ ತಂಡವಿಲ್ಲ. 1938ರಲ್ಲಿ ಅವಳು ಸೇರಿದ, ಬಿಳಿಯರ ಆರ್ಟಿ ಶಾ ತಂಡವೂ ಇಲ್ಲ. ಅದರ ಬದಲು ಕಲ್ಪಿಸಿದ ತಂಡವೊಂದಿದೆ. ನಿಜದಲ್ಲಿ, ಶಾ ತಂಡದೊಂದಿಗೆ ಅವಳು ಹಾಡುತ್ತಿದ್ದ ನ್ಯೂಯಾರ್ಕಿನ ಹೋಟೆಲಿನಲ್ಲಿ ಗಿರಾಕಿಗಳ ಲಿಫ್ಟು ಅವಳಿಗಿರಲಿಲ್ಲ. ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹತ್ತಿ ಬರಬೇಕಾಗಿತ್ತು.

ಇವರೆಲ್ಲರ ಜಾಗದಲ್ಲಿ ಸಿನಿಮಾ ನಿಲ್ಲಿಸಿರುವುದು ಒಬ್ಬ ಗಂಡಸನ್ನು. ಲೂಯಿ ಮೆಕೇ. ಚಂದದ ಮುಖ, ತಾಳ್ಮೆಯ ಪ್ರೀತಿ. ಅವಳು ಬಿದ್ದಾಗಲೆಲ್ಲ ಎತ್ತುವವನು. ನಿಜವೇನು? ಅವಳು 1941ರಲ್ಲಿ ಮದುವೆಯಾದದ್ದು ಜಿಮ್ಮಿ ಮನ್ರೋನನ್ನು. ಮೆಕೇಯನ್ನು ಮದುವೆಯಾದದ್ದು 1957ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು. ಅವನು ಹೊಡೆಯುತ್ತಿದ್ದ, ಅವಳ ದುಡ್ಡಿನ ಮೇಲೆ ಬದುಕುತ್ತಿದ್ದ ಎಂದು ಅವಳ ಚರಿತ್ರೆ ಬರೆದವರು ಹೇಳುತ್ತಾರೆ. ಸಾಯುವ ಹೊತ್ತಿಗೆ ಇಬ್ಬರೂ ದೂರವಾಗಿದ್ದರು. ಆದರೆ ವಿಚ್ಛೇದನ ಆಗಿರಲಿಲ್ಲ. ಹಾಗಾಗಿ ಅವಳು ಬಿಟ್ಟುಹೋದದ್ದೆಲ್ಲ ಕಾನೂನಿನ ಪ್ರಕಾರ ಅವನ ಪಾಲಾಯಿತು. ಸಿನಿಮಾ ತಯಾರಾಗುವಾಗ ಸಲಹೆಗಾರನಾಗಿ ಕುಳಿತವನೂ ಅವನೇ! ಕಥೆ ಹೇಳುವ ಹಕ್ಕು ಯಾರ ಕೈಸೇರಿತೋ, ಕಥೆಯ ನಾಯಕ ಅವನೇ ಆದ. ಇದನ್ನು ಓದಿದ ದಿನ ಕಣ್ಣೊರೆಸಿಕೊಂಡ ಸೆರಗಿನ ಬಗ್ಗೆಯೇ ನನಗೆ ಕೋಪ ಬಂತು.

ಇನ್ನು 'ಸ್ಟ್ರೇಂಜ್ ಫ್ರೂಟ್'. ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಮೇಲಿನ ಹಾಡು. ದಕ್ಷಿಣದ ರಾಜ್ಯವೊಂದರಲ್ಲಿ ಬಸ್ಸಿನಿಂದಿಳಿದ ಬಿಲಿ ಅಂಥ ಹೆಣವನ್ನು ಕಣ್ಣಾರೆ ಕಂಡಂತೆ ಸಿನಿಮಾ ತೋರಿಸುತ್ತದೆ. ನಿಜವಾಗಿ ಅದನ್ನು ಬರೆದವನು ಅಬೆಲ್ ಮೀರೋಪೊಲ್ ಎಂಬ ಯಹೂದಿ ಶಾಲಾ ಮಾಸ್ತರ. 1939ರಲ್ಲಿ ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಬಿಲಿ ಅದನ್ನು ಹಾಡತೊಡಗಿದಳು. ಕೊನೆಯ ಹಾಡು ಅದು. ಮಾಣಿಗಳು ಬಡಿಸುವುದನ್ನು ನಿಲ್ಲಿಸಬೇಕು. ದೀಪಗಳೆಲ್ಲ ಆರಿ, ಅವಳ ಮುಖದ ಮೇಲೆ ಮಾತ್ರ ಬೆಳಕು. ಹಾಡು ಮುಗಿದರೆ ಮತ್ತೆ ಪೂರ್ತಿ ಕತ್ತಲು. ಚಪ್ಪಾಳೆಗೆಂದು ಅವಳು ಮರಳಿ ಬರುತ್ತಿರಲಿಲ್ಲ. ಅವಳ ಕಂಪನಿಯಾದ ಕೊಲಂಬಿಯಾ ಅದನ್ನು ಮುದ್ರಿಸಲು ಒಪ್ಪದಿದ್ದಾಗ, ಕಮೊಡೋರ್ ಎಂಬ ಸಣ್ಣ ಕಂಪನಿಗೆ ಹಾಡಿಕೊಟ್ಟಳು. ತಂದೆ 1937ರಲ್ಲಿ ಟೆಕ್ಸಸ್‌ನಲ್ಲಿ ನ್ಯುಮೋನಿಯಾದಿಂದ ಸತ್ತಿದ್ದ. ಕಪ್ಪು ಮನುಷ್ಯನೆಂದು ಆಸ್ಪತ್ರೆಗಳು ಸೇರಿಸಿಕೊಳ್ಳಲಿಲ್ಲವೆಂದು ಅವಳು ನಂಬಿದ್ದಳು. ಈ ಹಾಡು ಹಾಡುವಾಗ ಅವನು ನೆನಪಾಗುತ್ತಾನೆ ಎನ್ನುತ್ತಿದ್ದಳು. ಇದೆಲ್ಲ ಅವಳು ತಿಳಿದು ಮಾಡಿದ ಕೆಲಸ. ಆಕಸ್ಮಿಕವಾಗಿ ಹೆಣ ಕಂಡು ಅತ್ತದ್ದಲ್ಲ.

ಹೆರಾಯಿನ್ ಚಟವಿತ್ತು, ಸುಳ್ಳಲ್ಲ. 1947ರಲ್ಲಿ ಅವಳನ್ನು ಹಿಡಿದರು. ಮೊಕದ್ದಮೆಯ ಹೆಸರೇ 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಬಿಲಿ ಹಾಲಿಡೇ'. ಇಡೀ ದೇಶ ಒಂದು ಕಡೆ, ಒಬ್ಬ ಹೆಂಗಸು ಇನ್ನೊಂದು ಕಡೆ! ಅವಳು ಆಲ್ಡರ್‌ಸನ್ ಜೈಲಿನಿಂದ ಹೊರಬಂದದ್ದು 1948ರ ಮಾರ್ಚ್‌ನಲ್ಲಿ. ನಿಜವಾದ ಶಿಕ್ಷೆ ಶುರುವಾದದ್ದು ಆಮೇಲೆ. ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ನ್ಯೂಯಾರ್ಕಿನಲ್ಲಿ ಪೊಲೀಸರ ಪರವಾನಗಿ ಚೀಟಿ ಬೇಕಿತ್ತು. ಅದನ್ನು ಅವಳಿಗೆ ನಿರಾಕರಿಸಿದರು. ಜಾಝ್ ಗಾಯಕಿಗೆ ಕ್ಲಬ್ಬೇ ಅನ್ನ ಕೊಡುವ ಜಾಗ. ದರ್ಜಿಯ ಹೊಲಿಗೆಯಂತ್ರ ಕಿತ್ತುಕೊಂಡು, 'ಇನ್ನು ನೆಟ್ಟಗೆ ದುಡಿದು ಬದುಕು' ಎಂದಂತೆ. ಕಾರ್ನೆಗಿ ಹಾಲ್ ಕ್ಲಬ್ಬಲ್ಲ, ಸಭಾಂಗಣ. ಹಾಗಾಗಿ ಅಲ್ಲಿ ಹಾಡಬಹುದಿತ್ತು. ಮಾರ್ಚ್ 27ರಂದು ಹಾಡಿದಳು. ಟಿಕೆಟ್ಟೆಲ್ಲ ಮಾರಿಹೋಗಿತ್ತು.

ಸಿನಿಮಾ ಮುಗಿಯುವುದು ಅಲ್ಲಿಯೇ. ಅವಳು ಕಾರ್ನೆಗಿಯಲ್ಲಿ ಹಾಡುತ್ತಿರುವಾಗ, ಅವಳ ಮುಂದಿನ ಗತಿಯೆಲ್ಲ ಪತ್ರಿಕೆಯ ತಲೆಬರಹಗಳಾಗಿ ತೆರೆಯ ಮೇಲೆ ಹಾದುಹೋಗುತ್ತದೆ. ಹನ್ನೊಂದು ವರ್ಷದ ಬದುಕು ಕೆಲವು ತಲೆಬರಹ! ಆ ಹನ್ನೊಂದು ವರ್ಷಗಳಲ್ಲಿ ಅವಳು ಯುರೋಪಿನಲ್ಲಿ ಹಾಡಿ ಬಂದಳು, ಆತ್ಮಕಥೆ ಬರೆಸಿದಳು, ಒಡೆದ ದನಿಯಲ್ಲೇ 1958ರಲ್ಲಿ 'ಲೇಡಿ ಇನ್ ಸ್ಯಾಟಿನ್' ಕೊಟ್ಟಳು. 1959ರ ಮೇ 31ರಂದು ಆಸ್ಪತ್ರೆ ಸೇರಿದಳು. ಹಾಸಿಗೆಯಲ್ಲೇ ಬಂಧಿಸಿ, ಬಾಗಿಲಿಗೆ ಪೊಲೀಸರನ್ನಿಟ್ಟರು. ಜುಲೈ 17ರಂದು ತೀರಿಕೊಂಡಳು. 44 ವರ್ಷ. ಬ್ಯಾಂಕಿನಲ್ಲಿದ್ದದ್ದು 70 ಸೆಂಟ್.

2021ರಲ್ಲಿ ಬಂದ ಇನ್ನೊಂದು ಸಿನಿಮಾ, ಆ ಮೊಕದ್ದಮೆಯ ಹೆಸರನ್ನೇ ಇಟ್ಟುಕೊಂಡು, ಸರಕಾರದ ಬೇಟೆಯನ್ನು ತೋರಿಸಿತು. ಆಂಡ್ರಾ ಡೇ ಚೆನ್ನಾಗಿಯೇ ಹಾಡಿದ್ದಾಳೆ. ಆದರೆ ಅಲ್ಲೂ ಅವಳ ಬೆನ್ನುಬಿದ್ದ ಸರಕಾರಿ ಗೂಢಚಾರನೇ ಪ್ರಿಯಕರನಾಗುತ್ತಾನೆ. ಹೆಂಗಸಿನ ಕಥೆಗೆ ಊರುಗೋಲಾಗಿ ಗಂಡಸೊಬ್ಬ ಬೇಕೇ ಬೇಕೇನೋ!

ಈ ಸಿನಿಮಾಗಳು ಕೆಟ್ಟವೆಂದು ನಾನು ಹೇಳಲಾರೆ. 1972ರ ಚಿತ್ರ ನೋಡಿ ಎಷ್ಟೋ ಜನ ಅವಳ ರೆಕಾರ್ಡು ಹುಡುಕಿಕೊಂಡು ಹೋದರು. ನಾನೂ ಹಾಗೆ ಹೋದವಳೇ. ಆದರೆ ನಿಮಗೆ ಬಿಲಿಯನ್ನು ನೋಡಬೇಕೆನಿಸಿದರೆ 1957ರ ಡಿಸೆಂಬರ್‌ನಲ್ಲಿ ಅಮೆರಿಕದ ಟೀವಿಯಲ್ಲಿ ಬಂದ 'ದ ಸೌಂಡ್ ಆಫ್ ಜಾಝ್' ಎಂಬ ಕಾರ್ಯಕ್ರಮ ನೋಡಿ. ಅದರಲ್ಲಿ ಅವಳು ತಾನೇ ಬರೆದ 'ಫೈನ್ ಅಂಡ್ ಮೆಲೋ' ಹಾಡುತ್ತಾಳೆ. ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಾಳೆ, ಸುತ್ತ ವಾದ್ಯದವರು. ಆರೋಗ್ಯ ಕೆಟ್ಟು ಸೊರಗಿದ ಲೆಸ್ಟರ್ ಎದ್ದು ನಿಂತು ನಾಲ್ಕೇ ನಾಲ್ಕು ಮಾತಿನಷ್ಟು ನುಡಿಸುತ್ತಾನೆ. ಅವನನ್ನು ನೋಡುತ್ತ ಬಿಲಿ ಮೆಲ್ಲಗೆ ತಲೆದೂಗುತ್ತಾಳೆ. ಮುಖದಲ್ಲಿ ಅಳುವಿಲ್ಲ. ಕೆಲಸ ಬಲ್ಲವಳು ಇನ್ನೊಬ್ಬ ಕೆಲಸ ಬಲ್ಲವನನ್ನು ಮೆಚ್ಚುವ ಸಂತೋಷವಿದೆ. ಲೆಸ್ಟರ್ ಸತ್ತದ್ದು 1959ರ ಮಾರ್ಚ್‌ನಲ್ಲಿ, ಅವಳಿಗಿಂತ ನಾಲ್ಕು ತಿಂಗಳು ಮೊದಲು.

ಅದನ್ನು ಮೂರು ಸಲ ನೋಡಿದ ಮೇಲೆ ಅತ್ತೆಯ ಮಗಳಿಗೆ ಫೋನು ಮಾಡಿದೆ. "ಅಮ್ಮನ ಹಾಡಿನ ಪುಸ್ತಕ ಇದೆಯೇನೇ?" ಎಂದೆ. ಇದೆಯಂತೆ, ಹಾಡುಗಳೂ ಇವೆಯಂತೆ. ಧಾಟಿ ಮಾತ್ರ ಯಾರಿಗೂ ಬರುವುದಿಲ್ಲ. "ಒಂದೆರಡು ನಂಗೆ ನೆನಪಿದೆ ಕಣೆ, ಬಾ" ಅಂದಳು. ಬರುವ ಭಾನುವಾರ ಹೊರಟಿದ್ದೇನೆ.