ಅಕ್ಕಪಕ್ಕದವರು ಹೇಳಿಕೊಟ್ಟ ಮಾತು

1965ರ ಫೆಬ್ರವರಿ 17. ಅಮೆರಿಕದ ಲಾಸ್ ಏಂಜಲೀಸ್ ನಗರದ ಬಾಡಿಗೆ ಮನೆಯೊಂದರಲ್ಲಿ, ಚಿತ್ರೀಕರಣದಿಂದ ಬಂದಿದ್ದ ನಟಿಯೊಬ್ಬರು ಮಗಳಿಗೆ ಸ್ನಾನ ಮಾಡಿಸುತ್ತಿದ್ದರು. ಇದ್ದಕ್ಕಿದ್ದಂತೆ ತಲೆಯಲ್ಲಿ ವಿಪರೀತ ನೋವು ಕಾಣಿಸಿಕೊಂಡಿತು. ಕಣ್ಣು ಮಂಜಾಯಿತು. ಮನೆಯಲ್ಲೇ ಇದ್ದ ಪತಿ ತಡ ಮಾಡದೆ ಪರಿಚಯದ ನರಶಸ್ತ್ರವೈದ್ಯರಿಗೆ ಫೋನ್ ಮಾಡಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಆಕೆಗೆ ಪ್ರಜ್ಞೆ ತಪ್ಪಿತ್ತು. ಮಿದುಳಿನಲ್ಲಿ ಒಂದಾದ ಮೇಲೊಂದರಂತೆ ಮೂರು ಬಾರಿ ರಕ್ತಸ್ರಾವವಾಗಿತ್ತು. ಆಗ ಆಕೆಗೆ 39 ವರ್ಷ, ಜೊತೆಗೆ ಗರ್ಭಿಣಿ.

ಆಕೆ ಪ್ಯಾಟ್ರೀಷಿಯಾ ನೀಲ್. ಹಿಂದಿನ ವರ್ಷವಷ್ಟೇ 'ಹಡ್' ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ನಟಿಯ ಆಸ್ಕರ್ ಪ್ರಶಸ್ತಿ ಪಡೆದಿದ್ದವರು. ಶಸ್ತ್ರಕ್ರಿಯೆ ಗಂಟೆಗಟ್ಟಲೆ ನಡೆಯಿತು. ಪ್ರಜ್ಞೆ ಮರಳಲು ಸುಮಾರು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಸಿನಿಮಾ ಪತ್ರಿಕೆಯೊಂದು ಆಕೆ ತೀರಿಕೊಂಡರೆಂದೇ ಅಚ್ಚು ಹಾಕಿತ್ತು. ಅರ್ಧಕ್ಕೆ ನಿಂತ ಚಿತ್ರದ ಪಾತ್ರ ಬೇರೆ ನಟಿಯ ಪಾಲಾಯಿತು. ಕಣ್ಣು ತೆರೆದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಮಾತಂತೂ ಹೋಗಿಯೇಬಿಟ್ಟಿತ್ತು.

ಇಂಥ ಪೆಟ್ಟಿಗೆ ನಮ್ಮಲ್ಲಿ ಲಕ್ವ ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ಪಾರ್ಶ್ವವಾಯು. ಆಯುರ್ವೇದದಲ್ಲಿ ಇದು ಪಕ್ಷಾಘಾತ, ಅಂದರೆ ದೇಹದ ಒಂದು ಪಕ್ಷಕ್ಕೆ ಬಿದ್ದ ಪೆಟ್ಟು. ಹೆಸರೆಲ್ಲ ಕೈಕಾಲಿನ ಮೇಲಿದ್ದರೂ ಏಟು ಬೀಳುವುದು ಮಿದುಳಿಗೆ. ಬಹುಪಾಲು ಪ್ರಕರಣಗಳಲ್ಲಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಉಳಿದವುಗಳಲ್ಲಿ ನಾಳವೇ ಒಡೆಯುತ್ತದೆ. ಪ್ಯಾಟ್ರೀಷಿಯಾಗೆ ಆದದ್ದು ಎರಡನೆಯದು: ನಾಳದ ಗೋಡೆ ಬಲೂನಿನಂತೆ ಉಬ್ಬಿದ್ದ ಜಾಗ ಒಡೆದಿತ್ತು. ಮಿದುಳಿನ ಎಡಭಾಗ ಬಲಗೈ ಬಲಗಾಲನ್ನು ನಡೆಸುತ್ತದೆ. ಹೆಚ್ಚಿನವರಲ್ಲಿ ಮಾತಿನ ನೆಲೆಯೂ ಅಲ್ಲೇ. ಆದ್ದರಿಂದಲೇ ಬಲಗೈ ಬಿದ್ದವರಿಗೆ ಎಷ್ಟೋ ಸಲ ಮಾತೂ ಬೀಳುತ್ತದೆ. ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಮಾತಿನ ಈ ನೆಲೆಯ ಜಾಡು ಹಿಡಿದದ್ದು 1861ರಲ್ಲಿ. ಅವರ ರೋಗಿಯೊಬ್ಬ ಏನು ಕೇಳಿದರೂ 'ಟಾನ್' ಎಂದಷ್ಟೇ ಹೇಳುತ್ತಿದ್ದ.

ಅದಕ್ಕೂ ಮೊದಲಿನ ಸಂಗತಿಯೊಂದನ್ನು ಇಲ್ಲಿ ನೆನೆಯಬಹುದು. ಇಂಗ್ಲಿಷ್ ನಿಘಂಟಿನ ಕರ್ತೃ ಸ್ಯಾಮ್ಯುಯೆಲ್ ಜಾನ್ಸನ್‌ಗೆ 1783ರ ಜೂನ್ 17ರ ಬೆಳಗಿನ ಜಾವ ಲಕ್ವ ತಗುಲಿತು. ಎಚ್ಚರವಾದಾಗ ತಲೆಯಲ್ಲಿ ಏನೋ ಗೊಂದಲ. ಬುದ್ಧಿ ಉಳಿದಿದೆಯೇ ಎಂದು ಪರೀಕ್ಷಿಸಲು ಲ್ಯಾಟಿನ್ ಪದ್ಯದಲ್ಲಿ ದೇವರಿಗೆ ಪ್ರಾರ್ಥನೆ ಕಟ್ಟಿದರು. ಪದ್ಯ ಚೆನ್ನಾಗಿರಲಿಲ್ಲ. ಆದರೆ ಚೆನ್ನಾಗಿಲ್ಲವೆಂದು ತಮಗೆ ತಿಳಿಯಿತಲ್ಲ, ಅಂದಮೇಲೆ ಬುದ್ಧಿ ಸರಿಯಾಗಿದೆ ಎಂದು ಸಮಾಧಾನ ಪಟ್ಟುಕೊಂಡರು! ಮಾತು ಮಾತ್ರ ಹೊರಡಲಿಲ್ಲ. ನೆರೆಮನೆಯ ಅಲೆನ್‌ಗೆ ಚೀಟಿ ಬರೆಯಲು ಕೂತರೆ ಕೈ ಬೇರೆ ಬೇರೆ ಅಕ್ಷರ ಬರೆಯುತ್ತಿತ್ತು. ಜಾನ್ಸನ್ ಅದೃಷ್ಟವಂತರು, ಕೆಲವೇ ದಿನಗಳಲ್ಲಿ ಮಾತು ಮರಳಿತು. ಆಗಿನ ವೈದ್ಯರು ಕೊಟ್ಟದ್ದು ಚರ್ಮದ ಮೇಲೆ ಬೊಕ್ಕೆ ಏಳಿಸುವ ಔಷಧ.

ಪ್ಯಾಟ್ರೀಷಿಯಾ ಅವರ ಕಾಲಕ್ಕೆ ಶಸ್ತ್ರಕ್ರಿಯೆ ಬಹಳ ಮುಂದುವರಿದಿತ್ತು. ಜೀವ ಉಳಿಸುವ ವಿದ್ಯೆ ಕೈವಶವಾಗಿತ್ತು. ಉಳಿದ ಜೀವ ಮುಂದೆ ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ಮಾತ್ರ ವೈದ್ಯರ ಬಳಿ ಹೆಚ್ಚು ಉತ್ತರವಿರಲಿಲ್ಲ. ಬೆಳೆದವರ ಮಿದುಳಿನ ನರಮಾರ್ಗಗಳು ಒಮ್ಮೆ ಹಾಳಾದರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಸ್ಪೇನಿನ ಮಹಾ ನರವಿಜ್ಞಾನಿ ಕಹಾಲ್ ಕಾಲದಿಂದ ಗಟ್ಟಿಯಾಗಿ ಬೇರೂರಿದ್ದ ನಂಬಿಕೆ. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಇಲ್ಲ ಎನ್ನುವುದು ರೂಢಿಯಲ್ಲಿದ್ದ ಮಾತು. ಮಾತು ಕಲಿಸುವ ತಜ್ಞರು ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು, ರೋಗಿಗೆ ಆಯಾಸವಾಗಬಾರದು ಎನ್ನುತ್ತಿದ್ದರು.

ಇದನ್ನು ಒಪ್ಪದವರು ಆಕೆಯ ಪತಿ ರೋಆಲ್ಡ್ ಡಾಲ್. 'ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ' ಬರೆದ ಅದೇ ಡಾಲ್. ಆ ಪುಸ್ತಕ ಹಿಂದಿನ ವರ್ಷ, 1964ರಲ್ಲಿ ಪ್ರಕಟವಾಗಿತ್ತು. ಈ ಕುಟುಂಬಕ್ಕೆ ಆಸ್ಪತ್ರೆ ಹೊಸದೇನಲ್ಲ. 1960ರಲ್ಲಿ ನ್ಯೂಯಾರ್ಕಿನ ರಸ್ತೆಯಲ್ಲಿ ಟ್ಯಾಕ್ಸಿ ಬಡಿದು ಕೂಸು ಥಿಯೋನ ತಲೆಗೆ ಪೆಟ್ಟಾಗಿ, ಮಿದುಳಿನಲ್ಲಿ ನೀರು ತುಂಬಿಕೊಳ್ಳತೊಡಗಿತ್ತು. ನೀರು ಹೊರಹಾಕಲು ಹಾಕಿದ ನಳಿಕೆ ಪದೇ ಪದೇ ಕಟ್ಟಿಕೊಳ್ಳುತ್ತಿದ್ದುದನ್ನು ನೋಡಿದ ಡಾಲ್, ಒಬ್ಬ ಯಂತ್ರತಜ್ಞ ಮತ್ತು ಒಬ್ಬ ಶಸ್ತ್ರವೈದ್ಯರ ಜೊತೆ ಸೇರಿ ಹೊಸ ಕವಾಟವನ್ನೇ ರೂಪಿಸಿದ್ದರು. 1962ರಲ್ಲಿ ಹಿರಿಮಗಳು ಒಲಿವಿಯಾ ದಡಾರ ಮಿದುಳಿಗೇರಿ ತೀರಿಕೊಂಡಿದ್ದಳು. ಕೈಕಟ್ಟಿ ಕೂರುವುದು ಈ ಮನುಷ್ಯನ ಜಾಯಮಾನವಾಗಿರಲಿಲ್ಲ.

1965ರ ಮೇ ತಿಂಗಳಲ್ಲಿ ಕುಟುಂಬ ಇಂಗ್ಲೆಂಡಿನ ಗ್ರೇಟ್ ಮಿಸ್ಸೆಂಡನ್ ಎಂಬ ಹಳ್ಳಿಯ ತನ್ನ ಮನೆಗೆ ಮರಳಿತು. ಕಾಲಿಗೆ ಕಬ್ಬಿಣದ ಆಸರೆ, ಒಂದು ಕಣ್ಣಿಗೆ ಪಟ್ಟಿ. ಡಾಲ್ ಹಾಕಿದ ಯೋಜನೆ ಹೀಗಿತ್ತು: ದಿನಕ್ಕೆ ಆರು ಗಂಟೆ ಪಾಠ. ಅಷ್ಟು ಹೊತ್ತು ಬರುವ ತಜ್ಞರು ಎಲ್ಲಿ ಸಿಗಬೇಕು? ಆದ್ದರಿಂದ ಅಕ್ಕಪಕ್ಕದವರನ್ನೇ ಕೇಳಿದರು. ಬಂದವರಲ್ಲಿ ಹೆಚ್ಚಿನವರು ಊರಿನ ಗೃಹಿಣಿಯರು, ಸ್ನೇಹಿತರು. ಒಬ್ಬರು ಒಂದು ಗಂಟೆ ಕೂತು ಎದ್ದರೆ ಇನ್ನೊಬ್ಬರು ಬರುವರು. ಮಕ್ಕಳ ಪುಸ್ತಕ ಓದಿಸುವುದು, ಸಣ್ಣ ಲೆಕ್ಕ ಮಾಡಿಸುವುದು, ಪದಗಳ ಆಟ ಆಡಿಸುವುದು, ಇಲ್ಲವೆ ಸುಮ್ಮನೆ ಊರಿನ ಸುದ್ದಿ ಮಾತನಾಡುವುದು. ಯಾರಿಗೂ ತರಬೇತಿಯಿರಲಿಲ್ಲ. ಮನೆಯೊಳಗೆ ಡಾಲ್ ಮಾಡಿದ ಕಟ್ಟಳೆ ಇನ್ನೂ ಬಿಗಿ: ಪ್ಯಾಟ್ರೀಷಿಯಾಗೆ ಏನು ಬೇಕಾದರೂ ಅದರ ಹೆಸರು ಹೇಳಿ ಕೇಳಬೇಕು. ಬೆರಳು ತೋರಿಸಿದರೆ ಕೊಡುವಂತಿಲ್ಲ.

ಹೆಸರು ಎಲ್ಲಿಂದ ಬರಬೇಕು? ಮನಸ್ಸಿನಲ್ಲಿ ವಸ್ತು ಇದೆ, ಪದ ಇಲ್ಲ. ಆ ಖಾಲಿ ಜಾಗಕ್ಕೆ ಎಲ್ಲಿಂದಲೋ ವಿಚಿತ್ರ ಪದಗಳು ಬಂದು ಕೂರುತ್ತಿದ್ದವು. ಸಿಗರೇಟಿಗೆ ಆಕೆ ಹೇಳುತ್ತಿದ್ದುದು 'ಆಬ್ಲೊಗಾನ್'. ಇಂಥ ಪದಗಳು ಮನೆಯವರಿಗೆ ಬಾಯಿಪಾಠವಾದವು. ಮುಂದೆ 1982ರಲ್ಲಿ ಡಾಲ್ ಬರೆದ 'ದಿ ಬಿಎಫ್‌ಜಿ' ಕಥೆಯಲ್ಲಿ ದೈತ್ಯನೊಬ್ಬ ಆಡುವ ತಿರುಚು ಭಾಷೆಗೆ ಇದೇ ಮೂಲವಿರಬಹುದು ಎಂದು ಊಹಿಸಿದವರಿದ್ದಾರೆ.

ಇದೆಲ್ಲ ಇಡಿಯಾಗಿ ಒಂದು ಪ್ರೇಮಕಥೆಯಂತೆ ಪತ್ರಿಕೆಗಳಲ್ಲಿ ಬಂತು, 1981ರಲ್ಲಿ ಟೆಲಿವಿಷನ್ ಚಿತ್ರವೂ ಆಯಿತು. ಆದರೆ ಕಲಿಯುತ್ತಿದ್ದವರ ಪಾಡೇನು? 1988ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಪ್ಯಾಟ್ರೀಷಿಯಾ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ತನ್ನನ್ನು ತನ್ನಷ್ಟಕ್ಕೆ ಬಿಟ್ಟರೆ ಸಾಕು ಎನಿಸುತ್ತಿತ್ತು. ಸಾಯಬೇಕೆಂದೂ ಅನಿಸಿದ್ದುಂಟು. ಆಸ್ಕರ್ ಗೆದ್ದ ನಟಿ ಮಗುವಿನಂತೆ ಅಕ್ಷರ ಕೂಡಿಸಿ ಓದುವುದನ್ನು ಊರವರೆಲ್ಲ ಸರದಿಯ ಮೇಲೆ ಬಂದು ನೋಡುವುದೆಂದರೆ ಎಂಥ ಸಂಕಟವೆಂದು ಯಾರಾದರೂ ಊಹಿಸಬಹುದು. ಗಂಡನ ಮೇಲೆ ಸಿಟ್ಟು, ಗಂಡನಿಂದಲೇ ಬದುಕಿದೆನೆಂಬ ಕೃತಜ್ಞತೆ, ಎರಡೂ ಆ ಪುಸ್ತಕದಲ್ಲಿವೆ. ಆ ಹೊತ್ತಿಗೆ ಇಬ್ಬರಿಗೂ ವಿಚ್ಛೇದನವಾಗಿ ಐದು ವರ್ಷವಾಗಿತ್ತು. ಹಟ ಹಿಡಿದು ಕಲಿಸುವವರ ಪ್ರೀತಿ ಎಲ್ಲಿ ಮುಗಿದು ದಬ್ಬಾಳಿಕೆ ಎಲ್ಲಿ ಶುರುವಾಗುತ್ತದೆ ಎಂಬುದು ಲಕ್ವ ಹೊಡೆದವರಿರುವ ಮನೆಗಳಿಗೆ ಗೊತ್ತಿರುವ ಪ್ರಶ್ನೆಯೇ. 'ಎದ್ದು ನಡಿ' ಎಂದು ಮಗ, 'ಸ್ವಲ್ಪ ಸುಮ್ಮನಿರೋ' ಎಂದು ಅಪ್ಪ. ಈ ಜಗಳ ಮಿಸ್ಸೆಂಡನ್ನಿಗೆ ಮಾತ್ರ ಸೀಮಿತವಲ್ಲ.

ಆಗಸ್ಟ್ 4ರಂದು ಆರೋಗ್ಯವಂತ ಹೆಣ್ಣುಮಗು ಲೂಸಿ ಹುಟ್ಟಿದಳು.

ಬಂದುಹೋಗುತ್ತಿದ್ದ ನೆರೆಯವರಲ್ಲಿ ಒಬ್ಬರು ವ್ಯಾಲರಿ ಈಟನ್ ಗ್ರಿಫಿತ್. ವೈದ್ಯಕೀಯ ಹಿನ್ನೆಲೆ ಇವರಿಗೂ ಇರಲಿಲ್ಲ. ಆದರೆ ಇವರು ಇತರರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳ ಪಾಠ ಬೇಸರ ತರಿಸುತ್ತದೆಂದು ಅರಿತು, ಪ್ಯಾಟ್ರೀಷಿಯಾಗೆ ಯಾವುದರಲ್ಲಿ ಆಸಕ್ತಿಯಿದೆಯೋ ಅಲ್ಲಿಂದಲೇ ಪಾಠ ಶುರುಮಾಡಿದರು. ನಟಿಗೆ ನಾಟಕ, ಸಂಭಾಷಣೆ, ವೇದಿಕೆಯ ಮಾತು. 1967ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಮಿದುಳಿಗೆ ಪೆಟ್ಟಾದ ಮಕ್ಕಳ ಸಹಾಯಾರ್ಥ ಸಮಾರಂಭವೊಂದರಲ್ಲಿ ಪ್ಯಾಟ್ರೀಷಿಯಾ ಭಾಷಣ ಮಾಡಬೇಕೆಂದು ಡಾಲ್ ಒಪ್ಪಿಕೊಂಡುಬಿಟ್ಟರು. ಆಕೆಗೆ ದಿಗಿಲು. ಗ್ರಿಫಿತ್ ಜೊತೆ ಕೂತು ಸಾಲು ಸಾಲಾಗಿ ಉರು ಹೊಡೆದು, ಕೊನೆಗೆ ತುಂಬಿದ ಸಭೆಯೆದುರು ನಿಂತು ತಪ್ಪಿಲ್ಲದೆ ಮಾತನಾಡಿದರು. ಮರುವರ್ಷ 'ದಿ ಸಬ್ಜೆಕ್ಟ್ ವಾಸ್ ರೋಸಸ್' ಚಿತ್ರದಲ್ಲಿ ನಟಿಸಿದರು. ಸಂಭಾಷಣೆ ನೆನಪಿಟ್ಟುಕೊಳ್ಳುವುದೇ ಕಡುಕಷ್ಟವಾಗಿತ್ತು. ಆದರೂ ಆ ಪಾತ್ರಕ್ಕಾಗಿ ಮತ್ತೆ ಆಸ್ಕರ್‌ಗೆ ನಾಮಕರಣಗೊಂಡರು.

ಗ್ರಿಫಿತ್ ಕಲಿಸಿದ ಎಲ್ಲರಿಗೂ ಹೀಗಾಗಲಿಲ್ಲ. 'ದಿ ವೈಟ್ ನೈಲ್' ಎಂಬ ಹೆಸರಾಂತ ಪುಸ್ತಕದ ಲೇಖಕ ಅಲನ್ ಮೂರ್‌ಹೆಡ್‌ಗೆ 1966ರಲ್ಲಿ ಲಕ್ವ ಹೊಡೆಯಿತು. ಜಗತ್ತು ಸುತ್ತಿ ಯುದ್ಧವರದಿ ಬರೆದ ಮನುಷ್ಯನಿಗೆ ಒಂದು ವಾಕ್ಯ ಬರೆಯಲಾಗದೇ ಹೋಯಿತು. ಗ್ರಿಫಿತ್ ಅವರಿಗೂ ಪಾಠ ಹೇಳಿದರು. ಅವರು ನಡೆದಾಡಿದರು, ಓಡಾಡಿದರು, ಗೆಳೆಯರ ಜೊತೆ ಕೂತರು. ಬರಹ ಮಾತ್ರ ಮರಳಲಿಲ್ಲ. 1970ರಲ್ಲಿ ಬಂದ ಅವರ ಆತ್ಮಕಥನವನ್ನು ಹಳೆಯ ಬರಹಗಳಿಂದ ಹೊಂದಿಸಿಕೊಟ್ಟವರು ಪತ್ನಿ ಲೂಸಿ.

ಗ್ರಿಫಿತ್ ತಮ್ಮ ಅನುಭವವನ್ನೆಲ್ಲ 1970ರಲ್ಲಿ 'ಎ ಸ್ಟ್ರೋಕ್ ಇನ್ ದಿ ಫ್ಯಾಮಿಲಿ' ಎಂಬ ಪುಟ್ಟ ಕೈಪಿಡಿಯಾಗಿ ಬರೆದರು. ಓದಿದವರು ಊರೂರಿನಿಂದ ಸಲಹೆ ಕೇಳತೊಡಗಿದರು. 1973ರಲ್ಲಿ ಇಂಗ್ಲೆಂಡಿನಲ್ಲಿ ಸ್ವಯಂಸೇವಕರ ಯೋಜನೆಯೊಂದು ಇದರಿಂದಲೇ ಆರಂಭವಾಯಿತು. ಲಕ್ವದಿಂದ ಮಾತು ಕಳೆದುಕೊಂಡವರ ಮನೆಗೆ ಊರಿನವರೇ ಹೋಗಿ ಕೂತು ಆಟವಾಡಿಸುವುದು, ಮಾತನಾಡಿಸುವುದು ಅದರ ಕೆಲಸ.

ವಿಜ್ಞಾನ ಇದನ್ನು ಹಿಂದಿನಿಂದ ಬಂದು ಕೂಡಿಕೊಂಡಿತು ಎನ್ನಬೇಕು. 1959ರಲ್ಲಿ ನ್ಯೂಯಾರ್ಕಿನ ಕಾಲೇಜು ಅಧ್ಯಾಪಕ, ಕವಿ ಪೆದ್ರೊ ಬಾಕ್-ಇ-ರೀಟಾಗೆ ಲಕ್ವ ಹೊಡೆದು ಕೈಕಾಲು, ಮಾತು ಎರಡೂ ಹೋಗಿದ್ದವು. ಮೆಕ್ಸಿಕೊದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ತಂದೆಯನ್ನು ಕರೆದೊಯ್ದು, ನಡೆಯುವುದಕ್ಕೆ ಮೊದಲು ಅಂಬೆಗಾಲಿಡಿಸಿದ. ಗೋಲಿ ಹೆಕ್ಕಿಸಿದ. ಬಿದ್ದ ಕೈಯಿಂದಲೇ ಅಡುಗೆಮನೆಯ ಪಾತ್ರೆ ಉಜ್ಜಿಸಿದ. ನೋಡಿದ ನೆರೆಯವರು ಮುದುಕನಿಗೆ ಹೀಗೆ ಮಾಡುವುದೇ ಎಂದು ಬೈದರು. ವರ್ಷ ಕಳೆಯುವುದರೊಳಗೆ ಪೆದ್ರೊ ಮತ್ತೆ ಪಾಠ ಹೇಳತೊಡಗಿದರು. ಕೆಲವು ವರ್ಷಗಳ ನಂತರ ಕೊಲಂಬಿಯಾದಲ್ಲಿ ಬೆಟ್ಟ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನ ಗಾಯ ದೊಡ್ಡದಾಗಿ ಹಾಗೆಯೇ ಉಳಿದಿತ್ತು! ಗಾಯ ವಾಸಿಯಾಗಿರಲಿಲ್ಲ, ಉಳಿದ ಭಾಗ ಹೊಸ ಕೆಲಸ ಕಲಿತಿತ್ತು. ಹಿರಿಮಗ ಪಾಲ್ ಮುಂದೆ ಮಿದುಳಿನ ಈ ಹೊಂದಾಣಿಕೆಯ ಗುಣವನ್ನು ಅಧ್ಯಯನ ಮಾಡಿದ ಪ್ರಮುಖರಲ್ಲಿ ಒಬ್ಬರಾದರು. ಆಮೇಲೆ ಅಮೆರಿಕದ ಎಡ್ವರ್ಡ್ ಟಾಬ್, ಒಳ್ಳೆಯ ಕೈಗೆ ಗವಸು ತೊಡಿಸಿ ಸೋತ ಕೈಗೇ ಕೆಲಸ ಹಚ್ಚುವ ಚಿಕಿತ್ಸೆ ರೂಪಿಸಿದರು. 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2006ರಲ್ಲಿ ಬಂದಾಗ, ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರಲ್ಲೂ ಕೈ ಸುಧಾರಿಸುವುದು ಸ್ಪಷ್ಟವಾಯಿತು.

ಹಾಗಾದರೆ ಮನೆಯವರೇ ವೈದ್ಯರಾದರೆ ಸಾಕೆ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಭಾರತದಲ್ಲೇ. 14 ಆಸ್ಪತ್ರೆಗಳ 1250 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಯ ಒಬ್ಬರಿಗೆ ವ್ಯಾಯಾಮ, ಶುಶ್ರೂಷೆಯ ತರಬೇತಿ ಕೊಡಲಾಯಿತು. 2017ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಬಂದ ಫಲಿತಾಂಶ ನಿರಾಶೆಯದು: ಆರು ತಿಂಗಳ ನಂತರ ತೀರಿಕೊಂಡವರ ಮತ್ತು ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಶೇ. 47. ತರಬೇತಿ ಇಲ್ಲದ ಮನೆಗಳಲ್ಲೂ ಹೆಂಡತಿ, ಮಗಳು, ಸೊಸೆ ಸುಮ್ಮನೆ ಕೂತಿರಲಾರರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಒಂದು ಮಾತು ನಿಜ. ತಜ್ಞರ ಕೊರತೆಯನ್ನು ಮನೆಯವರ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳಲು ಸರ್ಕಾರಗಳಿಗೆ ಮಿಸ್ಸೆಂಡನ್ನಿನ ಕಥೆ ನೆಪವಾಗಬಾರದು.

ತಜ್ಞರನ್ನು ತಯಾರಿಸುವ ಕೆಲಸ ನಮ್ಮಲ್ಲಿ ತಡವಾಗಿ ಏನೂ ಶುರುವಾಗಲಿಲ್ಲ. ಮಿಸ್ಸೆಂಡನ್ನಿನಲ್ಲಿ ಗೃಹಿಣಿಯರು ಪಾಠ ಹೇಳುತ್ತಿದ್ದ ಅದೇ 1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಪದ ತಪ್ಪಿದವರಿಗೆ ಪದ ಹಿಂತಿರುಗಿಸಬೇಕಾದರೆ ಅವರ ಮನೆಯ ಪದವೇ ಆಗಬೇಕು. ಇಂಗ್ಲಿಷಿನಲ್ಲಿ ತಯಾರಾದ ಮಾತಿನ ಪರೀಕ್ಷೆಗಳನ್ನು ಕನ್ನಡಕ್ಕೆ ಹೊಂದಿಸುವ ಕೆಲಸ ಅಲ್ಲಿ ನಡೆದಿದೆ. ಸೌಟು, ಚೊಂಬು, ಬೀಗದಕೈ ಎಂದು ಹೇಳಲಾಗದವರನ್ನು ಇಂಗ್ಲಿಷಿನಲ್ಲಿ ಕೇಳಿ ಪ್ರಯೋಜನವಿಲ್ಲವಲ್ಲ.

ಪ್ಯಾಟ್ರೀಷಿಯಾ ಅವರ ಹೆಸರಿನ ಪುನಶ್ಚೇತನ ಕೇಂದ್ರ 1978ರಲ್ಲಿ ಅಮೆರಿಕದ ನಾಕ್ಸ್‌ವಿಲ್‌ನಲ್ಲಿ ತೆರೆಯಿತು. ಅದು ಆಕೆ ಬೆಳೆದ ಊರು. ನಡಿಗೆಯಲ್ಲಿ ಕೊನೆಯವರೆಗೂ ಸ್ವಲ್ಪ ಕುಂಟು ಉಳಿದಿತ್ತು. ಆಕೆ 2010ರ ಆಗಸ್ಟ್ 8ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ನಾಕ್ಸ್‌ವಿಲ್‌ಗೆ ಹೋದಾಗಲೆಲ್ಲ, ಹೊಸದಾಗಿ ಲಕ್ವ ಹೊಡೆದು ಬಂದವರ ಪಕ್ಕದಲ್ಲಿ ಕೂತು ಮಾತನಾಡಿಸುತ್ತಿದ್ದರು.