ಭಗೀರಥನಿಂದ ಭಾಗೀರಥಿಗೆ

ಕನ್ನಡ ಪತ್ರಿಕೆಗಳಲ್ಲಿ ‘ಭಗೀರಥ ಪ್ರಯತ್ನ’ಕ್ಕೆ ಬಿಡುವೇ ಇಲ್ಲ. ಬತ್ತಿದ ಕೆರೆಯ ಹೂಳೆತ್ತುವುದು, ಸೋಲುತ್ತಿರುವ ಪಕ್ಷವನ್ನು ಮೇಲೆತ್ತುವುದು, ತಾಲ್ಲೂಕು ಕಚೇರಿಯಿಂದ ಒಂದು ಪಹಣಿ ತಿದ್ದಿಸಿಕೊಳ್ಳುವುದು ಎಲ್ಲವೂ ಭಗೀರಥ ಪ್ರಯತ್ನವೇ. ಒಬ್ಬನೇ ಹಠ ಹಿಡಿದು ಮಾಡುವ ದೊಡ್ಡ ಸಾಹಸ ಎಂಬುದು ಅದರ ಈಗಿನ ಅರ್ಥ. ಆದರೆ ಈ ನುಡಿಗೆ ಮೂಲವಾದ ಗಂಗಾವತರಣದ ಕಥೆಯಲ್ಲಿ ಆ ಕೆಲಸ ಒಬ್ಬನಿಂದ ಆರಂಭವಾದದ್ದಲ್ಲ, ಒಂದು ಪಟ್ಟಿನಲ್ಲಿ ಮುಗಿದದ್ದೂ ಅಲ್ಲ.

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ, ಮಿಥಿಲೆಯ ದಾರಿಯಲ್ಲಿ ಗಂಗೆಯ ದಡಕ್ಕೆ ಬಂದ ರಾಮನಿಗೆ ವಿಶ್ವಾಮಿತ್ರ ಈ ಕಥೆ ಹೇಳುತ್ತಾನೆ. ಅಯೋಧ್ಯೆಯ ಸಗರ ಚಕ್ರವರ್ತಿಯ ಅಶ್ವಮೇಧದ ಕುದುರೆಯನ್ನು ಇಂದ್ರ ಕದ್ದೊಯ್ದ. ಸಗರನ 60,000 ಮಕ್ಕಳು ಭೂಮಿಯನ್ನೇ ಅಗೆದು ಹುಡುಕಿದರು. ಕುದುರೆ ಕಪಿಲಮುನಿಯ ಬಳಿ ಮೇಯುತ್ತಿದ್ದುದನ್ನು ಕಂಡು ಆತನೇ ಕಳ್ಳನೆಂದು ಏರಿಹೋದರು; ಮುನಿಯ ಹೂಂಕಾರಕ್ಕೆ ಬೂದಿಯಾದರು. ಹುಡುಕುತ್ತ ಬಂದ ಮೊಮ್ಮಗ ಅಂಶುಮಂತನಿಗೆ ಗರುಡ ಹೇಳಿದ್ದು ಒಂದೇ ಮಾತು: ಈ ಬೂದಿಗೆ ಬಾವಿಕೆರೆಗಳ ನೀರಿನ ತರ್ಪಣ ಸಾಲದು, ದೇವಗಂಗೆಯೇ ಇಳಿದು ಬರಬೇಕು.

ಅವಳನ್ನು ಇಳಿಸುವ ಉಪಾಯ ಸಗರನಿಗೆ ಕೊನೆಯವರೆಗೂ ತೋಚಲಿಲ್ಲ. ಅಂಶುಮಂತ ಹಿಮಾಲಯದಲ್ಲಿ ತಪಸ್ಸು ಮಾಡುತ್ತಲೇ ತೀರಿಕೊಂಡ. ಅವನ ಮಗ ದಿಲೀಪ ಇದೇ ಚಿಂತೆಯಲ್ಲಿ ಕೊರಗಿ ಸತ್ತ. ಮೂರು ತಲೆಮಾರುಗಳ ಈ ಬಾಕಿ ದಿಲೀಪನ ಮಗ ಭಗೀರಥನ ಹೆಗಲಿಗೆ ಬಿತ್ತು. ಮಕ್ಕಳಿಲ್ಲದ ಆತ ರಾಜ್ಯವನ್ನು ಮಂತ್ರಿಗಳಿಗೆ ಒಪ್ಪಿಸಿ ಹೊರಟ. ರಾಮಾಯಣ ಅವನ ತಪಸ್ಸಿನ ಸ್ಥಳವನ್ನು ಗೋಕರ್ಣ ಎನ್ನುತ್ತದೆ. ಉತ್ತರ ಕನ್ನಡದ ಕಡಲತೀರದ ಗೋಕರ್ಣವೇ ಇದು ಎಂದು ಹೆಮ್ಮೆಪಡುವವರಿದ್ದಾರೆ, ಹಿಮಾಲಯದ ಯಾವುದೋ ಜಾಗ ಎನ್ನುವವರೂ ಇದ್ದಾರೆ. ಮಹಾಭಾರತದ ವನಪರ್ವವಂತೂ ಅವನನ್ನು ನೇರವಾಗಿ ಹಿಮಾಲಯಕ್ಕೆ ಕಳಿಸುತ್ತದೆ.

ಬ್ರಹ್ಮ ಒಲಿದರೂ ಕೆಲಸ ಮುಗಿಯಲಿಲ್ಲ. ಧುಮುಕುವ ನೀರಿನ ರಭಸವನ್ನು ಭೂಮಿ ತಾಳದು, ಶಿವನೇ ಹೊರಬೇಕು. ಅದಕ್ಕಾಗಿ ಹೆಬ್ಬೆರಳ ಮೇಲೆ ನಿಂತು ಇನ್ನೊಂದು ತಪಸ್ಸು. ಶಿವನನ್ನು ಪಾತಾಳಕ್ಕೆ ಕೊಚ್ಚಿಕೊಂಡು ಹೋಗುತ್ತೇನೆಂಬ ಸೊಕ್ಕಿನಲ್ಲಿ ಇಳಿದ ಗಂಗೆ ಆತನ ಜಟೆಯೊಳಗೇ ದಾರಿ ತಪ್ಪಿದಳು. ಅವಳನ್ನು ಬಿಡಿಸಲು ಮತ್ತೊಂದು ತಪಸ್ಸು. ಬಿಂದುಸರಸ್ಸಿನಲ್ಲಿ ಬಿಡುಗಡೆಯಾದ ನೀರು ಏಳು ಕವಲಾಯಿತು. ಮೂರು ಮೂಡಣಕ್ಕೆ, ಮೂರು ಪಡುವಣಕ್ಕೆ ಹರಿದವು. ಏಳನೆಯದು ಭಗೀರಥನ ರಥದ ಹಿಂದೆ ಹೊರಟಿತು. ದಾರಿಯಲ್ಲಿ ಜಹ್ನುಮುನಿಯ ಯಜ್ಞಶಾಲೆ ನೀರುಪಾಲಾದಾಗ ಆತ ಸಿಟ್ಟಿನಿಂದ ಗಂಗೆಯನ್ನೇ ಕುಡಿದುಬಿಟ್ಟ, ದೇವತೆಗಳು ಬೇಡಿಕೊಂಡ ಮೇಲೆ ಕಿವಿಯಿಂದ ಹೊರಬಿಟ್ಟ. ಕೊನೆಗೆ ಅವಳು ಪಾತಾಳ ಮುಟ್ಟಿ ಬೂದಿಯನ್ನು ತೋಯಿಸಿದಳು. ಐಹೊಳೆಯ ರಾವಣಫಡಿ ಗುಹೆಯ ಗಂಗಾಧರ ಶಿಲ್ಪದಲ್ಲಿ ಶಿವನ ಪಕ್ಕ ಎಲುಬಿನ ಹಂದರವಾಗಿ ನಿಂತ ಭಗೀರಥನನ್ನು ನೋಡಿದರೆ, ಶಿಲ್ಪಿಗೆ ಈ ಕಥೆಯ ಖರ್ಚುವೆಚ್ಚದ ಲೆಕ್ಕ ಚೆನ್ನಾಗಿ ತಿಳಿದಿತ್ತೆನಿಸುತ್ತದೆ.

ದಾರಿಯ ಘಟ್ಟಗಳೇ ನದಿಯ ಹೆಸರುಗಳಾದವು. ಜಹ್ನುವಿನಿಂದ ಬಂದವಳು ಜಾಹ್ನವಿ, ಮೂರು ಲೋಕಗಳಲ್ಲಿ ಹರಿದವಳು ತ್ರಿಪಥಗೆ. ಭಾಗವತ ಹೇಳುವ ಇನ್ನೊಂದು ಹುಟ್ಟಿನಲ್ಲಿ, ತ್ರಿವಿಕ್ರಮನ ಕಾಲುಗುರು ಬ್ರಹ್ಮಾಂಡದ ಚಿಪ್ಪನ್ನು ಸೀಳಿದಾಗ ಹೊರಗಿನ ನೀರು ಒಳಬಂದು ಗಂಗೆಯಾಯಿತು. ಅಲ್ಲಿ ಅವಳು ವಿಷ್ಣುಪದಿ. ಸಗರಪುತ್ರರು ಅಗೆದ ಹೊಂಡ ಸಾಗರವಾಯಿತು. ಭಾಗೀರಥಿ ಎಂಬ ಹೆಸರನ್ನು ಕೊಟ್ಟವನು ಬ್ರಹ್ಮ: ಇನ್ನು ಮುಂದೆ ಇವಳು ನಿನ್ನ ಹಿರಿಯ ಮಗಳು, ನಿನ್ನ ಹೆಸರಿನಿಂದಲೇ ಲೋಕದಲ್ಲಿ ನಿಲ್ಲುತ್ತಾಳೆ ಎಂದು ಭಗೀರಥನಿಗೆ ಹೇಳುತ್ತಾನೆ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ ಆದಂತೆಯೇ ಭಗೀರಥನ ಮಗಳು ಭಾಗೀರಥಿ. ಮೊದಲ ಅಕ್ಷರದ ದೀರ್ಘ ಮಗಳೆಂಬುದರ ಗುರುತು. ಕನ್ನಡದ ಬೋರ್ಡುಗಳಲ್ಲಿ ಆಗಾಗ ಕಾಣುವ ‘ಭಗೀರಥಿ’ಯಲ್ಲಿ ಆ ಸಂಬಂಧವೇ ಅಳಿಸಿಹೋಗುತ್ತದೆ.

ನಕ್ಷೆಯ ಮೇಲೆ ಈ ಹೆಸರಿನ ವರ್ತನೆ ವಿಚಿತ್ರವಾಗಿದೆ. ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದಲ್ಲಿ ಹೊರಬರುವ ನದಿ ಭಾಗೀರಥಿ. ತೆಹ್ರಿಯ 260 ಮೀಟರ್ ಎತ್ತರದ ಅಣೆಕಟ್ಟು ಇರುವುದು ಇದರ ಮೇಲೆಯೇ. ದೇವಪ್ರಯಾಗದಲ್ಲಿ ಅಲಕನಂದಾ ಕೂಡಿದ ಮೇಲೆ ನದಿ ಗಂಗೆ ಎನಿಸಿಕೊಳ್ಳುತ್ತದೆ. ನೀರಿನ ಪ್ರಮಾಣದಲ್ಲಿ ಅಲಕನಂದೆಯೇ ದೊಡ್ಡದು. ಆದರೂ ಗಂಗೆಯ ಮೂಲವೆಂಬ ಮಾನ ಭಾಗೀರಥಿಗೆ ದಕ್ಕಿದೆ. ಅಳತೆಪಟ್ಟಿಗಿಂತ ಪುರಾಣದ ಮಾತೇ ಇಲ್ಲಿ ಮೇಲಾಗಿದೆ. ಹರಿದ್ವಾರ, ಪ್ರಯಾಗ, ಕಾಶಿ, ಪಟ್ನಾಗಳಲ್ಲಿ ಭಾಗೀರಥಿ ಎಂಬುದು ಸ್ತೋತ್ರದ ಹೆಸರು ಮಾತ್ರ. ಬಂಗಾಳದಲ್ಲಿ ಫರಕ್ಕಾ ದಾಟಿದ ಮೇಲೆ ನದಿ ಕವಲೊಡೆಯುತ್ತದೆ. ದೊಡ್ಡ ಹರಿವು ಪದ್ಮಾ ಎಂಬ ಹೆಸರಿನಲ್ಲಿ ಬಾಂಗ್ಲಾದೇಶಕ್ಕೆ ಹೋದರೆ, ಮುರ್ಶಿದಾಬಾದಿನ ಮಗ್ಗುಲಲ್ಲಿ ತೆಂಕಣಕ್ಕೆ ತಿರುಗುವ ಕವಲಿಗೆ ಮತ್ತೆ ಭಾಗೀರಥಿ ಎಂದೇ ಹೆಸರು. ಕೆಳಗೆ ಅದೇ ಹೂಗ್ಲಿ. ಅದು ಕಡಲು ಸೇರುವಲ್ಲಿನ ಸಾಗರದ್ವೀಪದಲ್ಲಿ ಕಪಿಲಮುನಿಯ ಗುಡಿಯಿದೆ. ಮಕರ ಸಂಕ್ರಾಂತಿಗೆ ಅಲ್ಲಿ ಗಂಗಾಸಾಗರ ಮೇಳ ಸೇರುತ್ತದೆ. ಭಗೀರಥನ ಪಯಣ ಆರಂಭವಾದಲ್ಲಿ ಮತ್ತು ಮುಗಿದಲ್ಲಿ ಅವನ ಹೆಸರು ನದಿಗೆ ಅಂಟಿಕೊಂಡಿದೆ, ನಡುವಿನ ನೂರಾರು ಹರದಾರಿ ಬಿಟ್ಟುಹೋಗಿದೆ.

ಕರ್ನಾಟಕದಲ್ಲಿ ಭಗೀರಥನಿಗೆ ವಂಶಸ್ಥರೂ ಇದ್ದಾರೆ. ಉಪ್ಪು ತೆಗೆಯುವುದು ಕುಲಕಸುಬಾಗಿದ್ದ ಉಪ್ಪಾರರು ತಮ್ಮನ್ನು ಸಗರ ಕುಲದವರೆಂದೂ ಭಗೀರಥನನ್ನು ಮೂಲಪುರುಷನೆಂದೂ ನಂಬುತ್ತಾರೆ. ವೈಶಾಖ ಶುದ್ಧ ಸಪ್ತಮಿಯ ಭಗೀರಥ ಜಯಂತಿಯನ್ನು ರಾಜ್ಯ ಸರ್ಕಾರವೂ ಆಚರಿಸುತ್ತದೆ. ಅದೇ ದಿನ ಉತ್ತರ ಭಾರತದಲ್ಲಿ ಗಂಗಾ ಸಪ್ತಮಿ.

ಹೆಣ್ಣಿನ ಹೆಸರಾಗಿ ಭಾಗೀರಥಿ ಕನ್ನಡದ ಮನೆಗಳಿಗೆ ಹಳಬಳು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ, ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾಗ ಬಲಿಯಾಗುವ ಕಿರಿಸೊಸೆಯ ಹೆಸರು ಇದೇ. ಹಾಡು ಕಟ್ಟಿದವರು ಬೇಕೆಂದೇ ಈ ಹೆಸರಿಟ್ಟರೋ ಹೇಗೋ, ಅರ್ಥ ಮಾತ್ರ ತಲೆಕೆಳಗಾಗಿದೆ. ಪುರಾಣದಲ್ಲಿ ಗಂಡಸು ದೇಹ ದಂಡಿಸಿ ನೀರನ್ನು ತರುತ್ತಾನೆ, ಅದು ಅವನ ಮಗಳೆನಿಸುತ್ತದೆ. ಹಾಡಿನಲ್ಲಿ ಮನೆಯ ಗಂಡಸರು ಮನೆಯ ಹೆಣ್ಣನ್ನು ಕೊಟ್ಟು ನೀರು ಪಡೆಯುತ್ತಾರೆ.

ಮರಾಠಿಯಲ್ಲಿ ಈ ಪದಕ್ಕೆ ಬೇರೆಯೇ ಪಾಡು. ವಿಧವೆಯ ಹೆಸರಿನ ಹಿಂದೆ ‘ಗಂಗಾಭಾಗೀರಥಿ’ ಎಂದು, ಚಿಕ್ಕದಾಗಿ ‘ಗಂ. ಭಾ.’ ಎಂದು ಬರೆಯುವ ರೂಢಿ ಅಲ್ಲಿ ಬಹುಕಾಲ ನಡೆದುಬಂದಿತ್ತು. ಪವಿತ್ರಳೆಂಬ ಗೌರವದ ಮಾತಿನಲ್ಲೇ ಗಂಡನಿಲ್ಲದವಳೆಂಬ ಹಣೆಪಟ್ಟಿಯೂ ಇತ್ತು. 2023ರಲ್ಲಿ ‘ವಿಧವೆ’ ಎಂಬುದರ ಬದಲು ಇದನ್ನು ಬಳಸಬಹುದೇ ಎಂಬ ಪ್ರಸ್ತಾಪ ಮಹಾರಾಷ್ಟ್ರ ಸರ್ಕಾರದಲ್ಲಿ ಎದ್ದಾಗ, ಹೆಂಡತಿ ಸತ್ತ ಗಂಡಸಿಗೆ ಇಲ್ಲದ ಬಿರುದು ಹೆಂಗಸಿಗೇಕೆ ಎಂಬ ವಿರೋಧ ಜೋರಾಗಿಯೇ ಕೇಳಿಬಂತು.