ವಿದ್ಯಾದಾಸೋಹವೂ ನೆನಪಿನ ರಕ್ಷಣೆಯೂ



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಭಕ್ತರಿಗೆ ದಾನದ ಮಹಿಮೆಯನ್ನು ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಸುಗ್ಗಿ ಮುಗಿಯುತ್ತಲೇ ರಾಗಿ, ತೆಂಗಿನಕಾಯಿಗಳನ್ನು ದಾಸೋಹಕ್ಕೆ ಮುಟ್ಟಿಸುವವರು ನೀವು. ಹಸಿದವನಿಗೆ ಇಕ್ಕಿದ ಅನ್ನದ ಫಲ ಅಂದೇ ಕಾಣುತ್ತದೆ. ಬೇಗ ಕಣ್ಣಿಗೆ ಕಾಣದ ದಾನಗಳು ಎರಡಿವೆ. ಒಂದು, ಬಡ ವಿದ್ಯಾರ್ಥಿಗೆ ಕೊಡುವ ವೇತನ. ಇನ್ನೊಂದು, ಹಿಂದಿನವರ ಬರಹವನ್ನೂ ಚಿತ್ರಗಳನ್ನೂ ಮುಂದಿನವರಿಗೆ ಉಳಿಸಿಕೊಡುವುದು. ಇವೆರಡರ ಇತಿಹಾಸವನ್ನು ಇಂದು ವಿಚಾರ ಮಾಡೋಣ.

ನೆರೆಯ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಮಠವೆಂಬ ಪ್ರಸಿದ್ಧ ಮಠವಿದ್ದಿತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ದೊರೆಯುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಪಾಠಶಾಲೆಯೂ ಅಡುಗೆಮನೆಯೂ ಒಂದೇ ದತ್ತಿಯಿಂದ ನಡೆದವು. ನಿಮ್ಮ ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕನು ದೇಗುಲ ಕಟ್ಟಿಸಿದನು. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಆದರೆ ಹಳಗನ್ನಡದ ಆ ಕಲ್ಲನ್ನು ಓದಬಲ್ಲವರು ಎಷ್ಟು ಜನ? ಬಿ. ಎಲ್. ರೈಸ್ ಅವರು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಪ್ರತಿಮಾಡಿಸಿ 1901ರಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಅವು ನಾಡಿನ ವಿದ್ವಾಂಸರ ಕೈಗೆ ಬಂದವು. ದಾನ ಮಾಡಿದವನಷ್ಟೇ, ಆ ದಾನದ ದಾಖಲೆಯನ್ನು ಉಳಿಸಿದವನೂ ಉಪಕಾರಿ.

ಬೆಂಗಳೂರು–ಹರಿಹರ ರೈಲುದಾರಿ 1889ರಲ್ಲಿ ಪೂರ್ತಿಯಾಯಿತು. ಕಡೂರು, ಬೀರೂರು, ಅಜ್ಜಂಪುರದ ಹುಡುಗರಿಗೆ ಓದಿಗಾಗಿ ಬೆಂಗಳೂರು ಹತ್ತಿರವಾಯಿತು. ಆದರೆ ಬಂಡಿ ಇಳಿದ ಬಡ ಹುಡುಗ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಮಕ್ಕಳಿಲ್ಲದ ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪದಲ್ಲೇ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಅವರ ದತ್ತಿಯಿಂದಲೇ ವಿದ್ಯಾರ್ಥಿನಿಲಯವೂ ನಡೆಯಿತು. 1910ರಲ್ಲಿ ಅವರು ಲಿಂಗೈಕ್ಯರಾದರು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲದಿದ್ದರೂ ಅವರ ಅನ್ನ ಉಂಡು ಓದಿದ ಮಕ್ಕಳಿಗೆ ಲೆಕ್ಕವಿಲ್ಲ.

ಈ ಎರಡು ದಾನಗಳನ್ನೂ ಒಂದೇ ಬಾಳಿನಲ್ಲಿ ಮಾಡಿ ತೋರಿದವರು ಫ. ಗು. ಹಳಕಟ್ಟಿಯವರು. 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಗೆ ನಿಂತರು. ಊರೂರು ತಿರುಗಿ ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಬೇಡಿ ತಂದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಓಲೆ ಪೂಜೆಯಲ್ಲೇ ಉಳಿದಿದ್ದರೆ ಹುಳು ತಿಂದು ಹೋಗುತ್ತಿತ್ತು. ಓದುವವರಿಲ್ಲದಿದ್ದರೆ ಅಚ್ಚಾದ ಪುಸ್ತಕವೂ ವ್ಯರ್ಥವಾಗುತ್ತಿತ್ತು. ಆದ್ದರಿಂದ ಶಾಲೆ ಬೇಕು, ಓಲೆಯೂ ಬೇಕು.

ಈಗ ಓಲೆಯ ಸ್ಥಾನಕ್ಕೆ ಹಳೆಯ ಛಾಯಾಚಿತ್ರಗಳು ಬಂದಿವೆ. ಗಾಜಿನ ಫಲಕಗಳು ಒಡೆಯುತ್ತವೆ, ಕಾಗದದ ಚಿತ್ರಗಳು ಮಾಸುತ್ತವೆ. ಅವನ್ನು ಗಣಕಕ್ಕೆ ಇಳಿಸಿ ಕಾಪಾಡಬಹುದು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯವು ಅಳಿವಿನಂಚಿನ ದಾಖಲೆಗಳಿಗಾಗಿ 2004ರಲ್ಲಿ ಆರಂಭಿಸಿದ ಕಾರ್ಯ ಆರ್ಕೇಡಿಯಾ ಎಂಬ ದಾನನಿಧಿಯ ನೆರವಿನಿಂದ ನಡೆದಿದೆ. ನಮ್ಮ ಸಿರಿಗೆರೆಯಲ್ಲಿಯೂ ವಚನಗಳನ್ನು ಗಣಕಕ್ಕೆ ಅಳವಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ವಿಶ್ವವಿದ್ಯಾನಿಲಯಗಳ ಚಿತ್ರಭಂಡಾರಗಳಿಗೂ ಇಂಥ ದಾನಿಗಳು ಬೇಕು.

ಯಂತ್ರ ಚಿತ್ರವನ್ನು ಹಿಡಿದೀತು. ಚಿತ್ರದಲ್ಲಿರುವವರು ಯಾರೆಂದು ಹೇಳಲಾರದು. ಅದನ್ನು ಬಲ್ಲವರು ಮನೆಯ ಹಿರಿಯರು. ಅವರು ಕಣ್ಮುಚ್ಚಿದ ದಿನ ಚಿತ್ರ ಮೂಕವಾಗುತ್ತದೆ. ಆದುದರಿಂದ ನಮ್ಮದೊಂದು ಮಾತು: ನಿಮ್ಮಲ್ಲಿ ಶಕ್ತಿಯಿದ್ದವರು ಒಬ್ಬ ಬಡ ವಿದ್ಯಾರ್ಥಿಯ ಓದಿನ ಖರ್ಚು ವಹಿಸಿರಿ. ಆ ವಿದ್ಯಾರ್ಥಿ ರಜೆಯಲ್ಲಿ ಹಿರಿಯರ ಬಳಿ ಕುಳಿತು ಹಳೆಯ ಚಿತ್ರಗಳ ಹೆಸರು, ಊರು, ಇಸವಿಗಳನ್ನು ಬರೆದಿಡಲಿ. ಅಲ್ಲಿ ನಿಮ್ಮ ಹೆಸರಿನ ಫಲಕ ಇರಲಾರದು. ಇಲ್ಲದಿದ್ದರೇನಂತೆ? ದಾನಕ್ಕೆ ಬೇಕಾದ್ದು ಫಲ, ಫಲಕವಲ್ಲ.